ಮೇಕೆ, ಕುರಿ ಮತ್ತು ಇತರ ಜಾನುವಾರುಗಳ ಸ್ಥಳಾಂತರ: ಪಶುಪಾಲಕರಿಗೆ ಮಾಹಿತಿ

ಜಾನುವಾರುಗಳು ಒಂದು ಕೊಟ್ಟಿಗೆಯಿಂದ ಮತ್ತೊಂದು ಕೊಟ್ಟಿಗೆಗೆ ಹೋಗುವ ಸಂದರ್ಭಗಳು ಹಲವು. ಸಂತೆಯಲ್ಲಿ ಕೊಂಡು ತರುವುದು, ಮಗಳ ಮನೆಗೆ ಬಳುವಳಿಯಾಗಿ ಕಳುಹಿಸುವುದು, ಪಾಲಿಗೆ ಸಾಕಲು ಕೊಡುವುದು, ಜಮೀನು ಬದಲಾದಾಗ ಕುಟುಂಬದೊಡನೆ ಒಯ್ಯುವುದು ಇತ್ಯಾದಿ. ಇಂತಹ ಸಂದರ್ಭಗಳಲ್ಲಿ ಪಶುಪಾಲಕರು ವಾಹನದ ಬಾಡಿಗೆ ಮತ್ತು ದಾರಿಯ ಬಗ್ಗೆ ಯೋಚಿಸುವಷ್ಟು, ಇಳಿಸಿದ ನಂತರದ ದಿನಗಳ ಬಗ್ಗೆ ಯೋಚಿಸುವುದಿಲ್ಲ. ಆದರೆ ಮೇಕೆ ಮತ್ತು ಕುರಿಗಳ ಸಾವು-ನೋವು ಹೆಚ್ಚಾಗಿ ಸಂಭವಿಸುವುದು ಹೊಸ ಸ್ಥಳಕ್ಕೆ ಬಂದ ಮೊದಲ ಮೂರು ವಾರಗಳಲ್ಲಿ. ಪ್ರಯಾಣದ ಆಯಾಸದಿಂದ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಅದೇ ದಿನ ಮೇವೂ ನೀರೂ ಬದಲಾಗುತ್ತವೆ. ಅದೇ ಸಂಜೆ ಅಪರಿಚಿತ ಹಿಂಡಿನೊಡನೆ ಸೇರಿಸಲಾಗುತ್ತದೆ. ಈ ಮೂರೂ ಬದಲಾವಣೆಗಳು ಒಂದೇ ದಿನ ಆಗದಂತೆ ನೋಡಿಕೊಂಡರೆ ನಷ್ಟದ ಬಹುಭಾಗವನ್ನು ತಪ್ಪಿಸಬಹುದು.

ಸ್ಥಳಾಂತರಕ್ಕೆ ಮುಂಚೆ

ಸಾಗಣೆಯ ದಿನ ಲಸಿಕೆ ಹಾಕಿಸಿದರೆ ಪ್ರಯೋಜನವಿಲ್ಲ. ಲಸಿಕೆಯಿಂದ ನಿರೋಧಕ ಶಕ್ತಿ ಬೆಳೆಯಲು ಎರಡರಿಂದ ಮೂರು ವಾರ ಬೇಕಾಗುವುದರಿಂದ ಅಷ್ಟು ಮುಂಚಿತವಾಗಿಯೇ ಹಾಕಿಸತಕ್ಕದ್ದು. ಮೇಕೆ ಮತ್ತು ಕುರಿಗಳಿಗೆ ಮುಖ್ಯವಾದುದು ಪಿ.ಪಿ.ಆರ್. ಲಸಿಕೆ. ಕುರಿಗಾಹಿಗಳು ಹಿರೇಬೇನೆ ಎಂದು ಕರೆಯುವ ಈ ರೋಗವು ಭಾರತದಲ್ಲಿ 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಪತ್ತೆಯಾಯಿತು. ತೀವ್ರ ಜ್ವರ, ಮೂಗು-ಕಣ್ಣುಗಳಲ್ಲಿ ಸುರಿತ, ಬಾಯಿಹುಣ್ಣು, ಭೇದಿ ಮತ್ತು ಉಸಿರಾಟದ ತೊಂದರೆ ಇದರ ಲಕ್ಷಣಗಳು. ನಾಲ್ಕು ತಿಂಗಳ ವಯಸ್ಸಿನ ನಂತರ ಒಮ್ಮೆ ಲಸಿಕೆ ಹಾಕಿಸಿದರೆ ಸುಮಾರು 3 ವರ್ಷ ರಕ್ಷಣೆ ದೊರೆಯುತ್ತದೆ. ಮಳೆಗಾಲಕ್ಕೆ ಮುಂಚೆ ಸಾಗಿಸುವುದಾದರೆ ಕರುಳುಬೇನೆಯ ಲಸಿಕೆಯನ್ನೂ ಹಾಕಿಸುವುದು ಸೂಕ್ತ.

ಮೇಕೆಯ ಗರ್ಭಧಾರಣೆಯ ಅವಧಿ ಸುಮಾರು 150 ದಿನಗಳು. ಇದರ ಕೊನೆಯ ಒಂದೂವರೆ ತಿಂಗಳಲ್ಲಿರುವ ಮೇಕೆಗಳನ್ನೂ, ಹಾಲು ಬಿಡದ ಎಳೆಮರಿಗಳನ್ನೂ ಸಾಧ್ಯವಾದಷ್ಟು ಸಾಗಿಸಬಾರದು. ಕಂದು ಹಾಕಿದ ಇತಿಹಾಸವಿರುವ ಹೆಣ್ಣು ಪ್ರಾಣಿಯನ್ನು ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸದೆ ಕೊಳ್ಳಬಾರದು. ಈ ರೋಗವು ಹಸಿಹಾಲು ಹಾಗೂ ಕಂದಿನ ಸ್ರಾವದ ಮೂಲಕ ಮನುಷ್ಯರಿಗೂ ತಗಲುತ್ತದೆ.

ಒಂಟಿ ಮೇಕೆಯನ್ನು ಒಯ್ಯುವುದು ಬೇಡ. ಹಿಂಡಿನಲ್ಲಿ ಬೆಳೆದ ಮೇಕೆ ಒಂಟಿಯಾದರೆ ದಿನವಿಡೀ ಅರಚುತ್ತದೆ, ಮೇವು ಬಿಡುತ್ತದೆ. ಒಟ್ಟಿಗೆ ಬೆಳೆದ ಎರಡನ್ನಾದರೂ ಜೊತೆಯಾಗಿ ಸಾಗಿಸಿದರೆ ಅವು ಬೇಗ ಹೊಂದಿಕೊಳ್ಳುತ್ತವೆ.

ಸಾಗಣೆ

ಪ್ರಾಣಿಗಳ ಸಾಗಣೆ ನಿಯಮಗಳು, 1978ರ ಪ್ರಕಾರ, ಆರು ಗಂಟೆಗೂ ಮೀರಿದ ಪ್ರಯಾಣದಲ್ಲಿ ಪ್ರತಿ ಮೇಕೆ ಮತ್ತು ಕುರಿಯು ಸಾಂಕ್ರಾಮಿಕ ರೋಗದಿಂದ ಮುಕ್ತವಾಗಿದ್ದು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಇರತಕ್ಕದ್ದು. ವಾಹನದ ನೆಲಕ್ಕೆ ಕನಿಷ್ಠ 5 ಸೆಂ.ಮೀ. ದಪ್ಪ ಹುಲ್ಲು ಹಾಸಬೇಕು. ಹೋತಗಳನ್ನು ಹೆಣ್ಣು ಮೇಕೆಗಳಿಂದ ಬೇರ್ಪಡಿಸಬೇಕು. ಕಾಲುಗಳನ್ನು ಕಟ್ಟಿ ಕೆಡವಿ ಒಯ್ಯುವಂತಿಲ್ಲ. 2016ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮದಂತೆ ಜಾನುವಾರು ಸಾಗಿಸುವ ವಾಹನದಲ್ಲಿ ಪ್ರತಿ ಮೇಕೆ ಅಥವಾ ಕುರಿಗೆ 0.3 ಚದರ ಮೀಟರ್, ಪ್ರತಿ ಹಸು ಅಥವಾ ಎಮ್ಮೆಗೆ 2 ಚದರ ಮೀಟರ್‌ಗೆ ಕಡಿಮೆ ಇಲ್ಲದ ಪ್ರತ್ಯೇಕ ವಿಭಾಗ ಅಗತ್ಯ. ಬಾಡಿಗೆ ಉಳಿಸಲು ಒತ್ತೊತ್ತಾಗಿ ತುಂಬಿದರೆ, ತಿರುವಿನಲ್ಲಿ ಒಂದು ಬಿದ್ದರೂ ಉಳಿದವು ಅದರ ಮೇಲೆ ನಿಲ್ಲುತ್ತವೆ. ಉಳಿಸಿದ ಬಾಡಿಗೆ ಆ ಒಂದು ಮೇಕೆಯ ಬೆಲೆಗೆ ಸಮನಾಗದು.

ಬೇಸಿಗೆಯಲ್ಲಿ ಮುಂಜಾನೆ ಅಥವಾ ಸಂಜೆ ತಂಪಿನಲ್ಲಿ ವಾಹನ ಹೊರಡಿಸುವುದು ಉತ್ತಮ. ಕಾಲ್ನಡಿಗೆಯಲ್ಲಿ ಹೊಡೆದೊಯ್ಯುವುದಾದರೆ ಇದಕ್ಕೆ ವಿರುದ್ಧವಾದ ಕಟ್ಟುಪಾಡು ಇದೆ: 2001ರ ನಿಯಮಗಳಂತೆ ಐದು ಕಿ.ಮೀ. ಅಥವಾ ಅದಕ್ಕೂ ಹೆಚ್ಚಿನ ದೂರಕ್ಕೆ ಸೂರ್ಯೋದಯಕ್ಕೆ ಮುಂಚೆ ಮತ್ತು ಸೂರ್ಯಾಸ್ತದ ನಂತರ ಜಾನುವಾರುಗಳನ್ನು ನಡೆಸುವಂತಿಲ್ಲ. ಹೊರಡುವ ಮುನ್ನ ನೀರು ಕುಡಿಸಿ ಒಣಮೇವನ್ನು ಮಿತವಾಗಿ ಕೊಡಬೇಕು. ಕಾಳು, ಹಿಂಡಿ ಕೊಡಬಾರದು.

ಮೊದಲ ವಾರದ ಮೇವು

ಹೊಸ ಮನೆಗೆ ಬಂದ ಮೇಕೆಗೆ ಪ್ರೀತಿಯಿಂದ ಅನ್ನ, ರಾಗಿ ಹಿಟ್ಟು, ಬೆಲ್ಲ ತಿನ್ನಿಸುವ ವಾಡಿಕೆ ಅನೇಕ ಮನೆಗಳಲ್ಲಿದೆ. ಇದು ಅಪಾಯಕಾರಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದುವರೆಗೆ ತಿಂದ ಮೇವಿಗೆ ಹೊಂದಿಕೊಂಡಿರುತ್ತವೆ. ಒಮ್ಮೆಲೇ ಪಿಷ್ಟ ಪದಾರ್ಥ ಹೆಚ್ಚಾದರೆ ಅಲ್ಲಿ ಆಮ್ಲ ಉತ್ಪತ್ತಿಯಾಗಿ, ಹೊಟ್ಟೆ ಉಬ್ಬರಿಸಿ, ಪ್ರಾಣಿ ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಸತ್ತ ಮೇಕೆಗೆ ದೃಷ್ಟಿ ತಾಕಿತೆಂದು ಹೇಳುವ ಅನೇಕ ಪ್ರಕರಣಗಳಲ್ಲಿ ಕಾರಣ ಇದೇ ಆಗಿರುತ್ತದೆ.

ಹಳೆಯ ಮಾಲೀಕರಿಂದ ಕನಿಷ್ಠ ಒಂದು ವಾರಕ್ಕಾಗುವಷ್ಟು ಹಳೆಯ ಮೇವನ್ನು ಜೊತೆಯಲ್ಲಿಯೇ ತರುವುದು ಅತ್ಯಂತ ಸುಲಭವಾದ ಪರಿಹಾರ. ಮೊದಲ ಎರಡು ದಿನ ಹಳೆಯ ಮೇವನ್ನೇ ಕೊಟ್ಟು, ನಂತರ ಎರಡು ದಿನಗಳಿಗೊಮ್ಮೆ ಕಾಲುಭಾಗದಂತೆ ಹೊಸ ಮೇವನ್ನು ಬೆರೆಸುತ್ತಾ ಬರಬೇಕು. ಇಳಿದ ಕೂಡಲೇ ನೀರು ಕೊಡಿ, ಆದರೆ ಸ್ವಲ್ಪ ಸ್ವಲ್ಪವಾಗಿ.

ಹೊಸ ಜಾಗದ ಗಿಡಗಳ ಪರಿಚಯವಿಲ್ಲದ ಮೇಕೆ ಹಸಿವಿನಲ್ಲಿ ವಿಷಗಿಡಗಳಿಗೂ ಬಾಯಿ ಹಾಕುತ್ತದೆ. ಅಂಗಳದ ಕಣಗಿಲೆ ಇದರಲ್ಲಿ ಮೊದಲನೆಯದು. ಅದರ ಕೆಲವೇ ಎಲೆಗಳು ಮೇಕೆಯ ಹೃದಯವನ್ನು ನಿಲ್ಲಿಸಬಲ್ಲವು. ಕತ್ತರಿಸಿ ಬೇಲಿಯ ಮೇಲೆ ಎಸೆದ ಒಣ ಕಣಗಿಲೆಯೂ ವಿಷವೇ. ಎಳೆಯ ಜೋಳದ ಪೈರು, ಮರಗೆಣಸಿನ ಎಲೆ, ಲಂಟಾನ ಪೊದೆಗಳ ಬಗ್ಗೆಯೂ ಎಚ್ಚರ ವಹಿಸಬೇಕು.

ಪ್ರತ್ಯೇಕವಾಸ

ಹೊಸದಾಗಿ ತಂದ ಪ್ರಾಣಿಗಳನ್ನು ಕನಿಷ್ಠ 21 ದಿನ ಹಳೆಯ ಹಿಂಡಿನಿಂದ ಬೇರೆಯಾಗಿಡತಕ್ಕದ್ದು. ಈ ಅವಧಿಗೆ ಕಾರಣವಿದೆ. ಹಿರೇಬೇನೆಯ ರೋಗಾಣು ದೇಹ ಸೇರಿದ ನಂತರ ಲಕ್ಷಣಗಳು ಕಾಣಿಸಲು ಸಾಮಾನ್ಯವಾಗಿ 4ರಿಂದ 6 ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕಾಗುತ್ತದೆ. ಸಂತೆಯಲ್ಲಿ ಲವಲವಿಕೆಯಿಂದಿದ್ದ ಮೇಕೆ ಮನೆಯಲ್ಲಿ ಒಂದು ವಾರದ ನಂತರ ಮಂಕಾದರೆ, ಅಷ್ಟರಲ್ಲಿ ಅದು ನಿಮ್ಮ ಹಿಂಡಿನೊಡನೆ ಒಂದೇ ತೊಟ್ಟಿಯ ನೀರು ಕುಡಿದಿರುತ್ತದೆ. ಒಂದು ಮೇಕೆಯನ್ನು ತಂದು ಇಡೀ ಹಿಂಡನ್ನು ಕಳೆದುಕೊಳ್ಳುವುದು ಹೀಗೆಯೇ.

ಬೇರೆ ಕೊಟ್ಟಿಗೆ ಇಲ್ಲದ ಸಣ್ಣ ರೈತರು ಮನೆಯ ಇನ್ನೊಂದು ಬದಿಯಲ್ಲಿ ಚಪ್ಪರ ಹಾಕಿದರೂ ಸಾಕು. ಮುಸುಡಿ ತಾಗಬಾರದು, ಮೇವು-ನೀರಿನ ಪಾತ್ರೆ ಒಂದಾಗಬಾರದು. ದಿನವೂ ಹಳೆಯ ಹಿಂಡಿನ ಕೆಲಸ ಮೊದಲು ಮುಗಿಸಿ, ಹೊಸ ಪ್ರಾಣಿಗಳ ಬಳಿಗೆ ಕೊನೆಯಲ್ಲಿ ಹೋಗಬೇಕು. ಈ ಅವಧಿಯಲ್ಲಿಯೇ ಸಗಣಿ ಪರೀಕ್ಷೆ ಮಾಡಿಸಿ ಜಂತುನಾಶಕ ಕುಡಿಸುವುದು, ಉಣ್ಣೆ ತೆಗೆಯುವುದು, ಗೊರಸು ಕತ್ತರಿಸುವುದು ಮುಗಿಯಬೇಕು. ಬಯಲುಸೀಮೆಯ ಒಣನೆಲದಲ್ಲಿ ಬೆಳೆದ ಮೇಕೆಯನ್ನು ಮಲೆನಾಡು ಅಥವಾ ಕರಾವಳಿಗೆ ಒಯ್ಯುವವರು ಗೊರಸು ಕೊಳೆಯುವ ರೋಗ ಮತ್ತು ಜಂತುಬಾಧೆಯನ್ನು ನಿರೀಕ್ಷಿಸಿಯೇ ಸಿದ್ಧರಾಗಬೇಕು. ಅವುಗಳಿಗೆ ನೆಲದಿಂದ ಎತ್ತರಿಸಿದ ಮರದ ಅಟ್ಟಣಿಗೆಯ ಕೊಟ್ಟಿಗೆ ಸೂಕ್ತ. ಅಂತಹ ಸ್ಥಳಾಂತರವನ್ನು ಮಳೆಗಾಲ ಕಳೆದ ಮೇಲೆ ಕೈಗೊಳ್ಳುವುದು ಇನ್ನೂ ಒಳ್ಳೆಯದು.

ಮೊದಲ ಮೂರು-ನಾಲ್ಕು ದಿನ ಮೇಯಲು ಹೊರಗೆ ಬಿಡಬಾರದು. ಹಳೆಯ ಮನೆ ಹತ್ತಿರದಲ್ಲಿದ್ದರೆ ಮೇಕೆ ಅಲ್ಲಿಗೇ ಮರಳುತ್ತದೆ.

ಇತರ ಜಾನುವಾರುಗಳು

ಹಸುಗಳಿಗೆ ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗದ ಲಸಿಕೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕರೆಯುವ ಹಸುವನ್ನು ಹಾಲು ಹಿಂಡಿಯೇ ಹೊರಡಿಸಬೇಕು. ಸ್ಥಳ ಬದಲಾದ ಕೆಲವು ದಿನ ಹಾಲು ಕಡಿಮೆಯಾಗುವುದು ಸಹಜ, ಅದಕ್ಕಾಗಿ ಮಾರಿದವರೊಡನೆ ಜಗಳ ಬೇಡ. ಉಣ್ಣೆಯ ಹಾವಳಿಯಿರುವ ಊರಿಗೆ ಮಿಶ್ರತಳಿ ಹಸು ಬಂದರೆ ಥೈಲೇರಿಯಾ ಜ್ವರದ ಭಯವಿದೆ. ಚಪ್ಪೆಬೇನೆಯ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಹೊಸ ಊರಿನಲ್ಲಿ ಅದು ಕಾಣಿಸಿಕೊಂಡಿದೆಯೇ ಎಂದು ಅಲ್ಲಿನ ಪಶುವೈದ್ಯಾಧಿಕಾರಿಯನ್ನು ವಿಚಾರಿಸಬೇಕು. ಕೋಳಿಗಳನ್ನು ಕತ್ತಲಾದ ಮೇಲೆ ಗೂಡಿಗೆ ಸೇರಿಸಿ, ಒಂದು ವಾರ ಅಲ್ಲಿಯೇ ಕೂಡಿಹಾಕಿದರೆ ನಂತರ ತಾವಾಗಿಯೇ ಮರಳುತ್ತವೆ.

ದಾಖಲೆಗಳು

ಆರೋಗ್ಯ ಪ್ರಮಾಣಪತ್ರ, ಲಸಿಕೆಯ ವಿವರ ಮತ್ತು ಖರೀದಿಯ ರಸೀದಿ ವಾಹನದಲ್ಲಿಯೇ ಇರಲಿ. ದನ ಮತ್ತು ಎಮ್ಮೆಗಳ ಸಾಗಣೆಗೆ ರಾಜ್ಯದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯಿದೆಯ ಕಟ್ಟುಪಾಡುಗಳೂ ಇರುವುದರಿಂದ, ಸಾಕಣೆಗಾಗಿ ಒಯ್ಯುವವರು ಬೇಕಾದ ದಾಖಲೆಗಳನ್ನು ಸಮೀಪದ ಪಶುವೈದ್ಯಕೀಯ ಸಂಸ್ಥೆಯಲ್ಲಿ ಮೊದಲೇ ಕೇಳಿ ತಿಳಿಯತಕ್ಕದ್ದು. ಪ್ರಾಣಿಯ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಕೊಳ್ಳುವಾಗಲೇ ಬರೆದುಕೊಂಡು, ಊರಿಗೆ ಬಂದ ಮೇಲೆ ಮಾಲೀಕರ ಹೆಸರು ಬದಲಾಯಿಸಿಕೊಳ್ಳಬೇಕು. ವಿಮೆ ಇದ್ದಲ್ಲಿ ವಿಮಾ ಕಂಪನಿಗೂ ತಿಳಿಸಬೇಕು. ಕಿವಿಯೋಲೆ ದಾರಿಯಲ್ಲಿ ಕಳಚಿ ಬಿದ್ದಿದ್ದರೆ ಅದೇ ದಿನ ತಿಳಿಸುವುದು ಅವಶ್ಯ.