ಡ್ರೋನ್ ಪೈಲಟ್ ವೃತ್ತಿ: ಯುವತಿಯರ ತರಬೇತಿ ಮತ್ತು ಉದ್ಯೋಗ

ನೆಲದ ಮೇಲೆ ನಿಂತು ರಿಮೋಟಿನಿಂದ ಡ್ರೋನ್ ಹಾರಿಸಿ, ಅದರ ಮೂಲಕ ಔಷಧಿ ಸಿಂಪಡಣೆ, ಭೂಮಾಪನ, ತಪಾಸಣೆ, ಚಿತ್ರೀಕರಣ ಮುಂತಾದ ಕೆಲಸ ಮಾಡುವವರೇ ಡ್ರೋನ್ ಪೈಲಟ್‌ಗಳು. ಭಾರತದಲ್ಲಿ 2021ರ ಡ್ರೋನ್ ನಿಯಮಗಳು ಬಂದ ಮೇಲೆ ಇದು ಒಂದು ವೃತ್ತಿಯಾಗಿ ಗಟ್ಟಿಗೊಂಡಿತು. ಹಳ್ಳಿಯ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇದರೊಳಗೆ ಬರಲು ದಾರಿಯಾದದ್ದು ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆಯಿಂದ. ಡ್ರೋನ್ ಹಾರಿಸಲು ತೋಳ್ಬಲ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಕಣ್ಣಳತೆ ಮತ್ತು ಹತ್ತನೇ ತರಗತಿಯ ಓದು. ಕೃಷಿ ಯಂತ್ರಗಳಲ್ಲಿ ಹೆಣ್ಣು–ಗಂಡೆಂಬ ಹಳೆಯ ಪಾಲುಪಟ್ಟಿ ಇನ್ನೂ ಬೀಳದ ಯಂತ್ರ ಇದು; ಈ ವೃತ್ತಿಯ ದೊಡ್ಡ ಅವಕಾಶ ಇರುವುದೂ ಅಲ್ಲೇ.

ಕಾನೂನು

ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಜಾರಿಗೆ ಬಂದವು. ಒಟ್ಟು ತೂಕದ ಆಧಾರದ ಮೇಲೆ ಡ್ರೋನ್‌ಗಳಲ್ಲಿ ಐದು ವರ್ಗಗಳಿವೆ: 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸ್ಮಾಲ್, 150 ಕಿಲೋವರೆಗೆ ಮೀಡಿಯಂ, ಅದಕ್ಕೂ ಮೇಲ್ಪಟ್ಟದ್ದು ಲಾರ್ಜ್. ನಮ್ಮ ಹೊಲಗಳಲ್ಲಿ ಕಾಣುವ ಸಿಂಪಡಣೆ ಡ್ರೋನ್‌ಗಳಲ್ಲಿ ಹೆಚ್ಚಿನವು ಹತ್ತು ಲೀಟರ್ ಟ್ಯಾಂಕಿನವು. ಔಷಧಿ, ಬ್ಯಾಟರಿ ಎಲ್ಲ ಸೇರಿ 25 ಕಿಲೋ ಒಳಗೇ ನಿಲ್ಲುವಂತೆ ಅವನ್ನು ರೂಪಿಸಿರುತ್ತಾರೆ.

ನ್ಯಾನೋ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋ ಡ್ರೋನಿಗೂ ಬೇಡ. ಉಳಿದವಕ್ಕೆಲ್ಲ ‘ರಿಮೋಟ್ ಪೈಲಟ್ ಸರ್ಟಿಫಿಕೇಟ್’ ಕಡ್ಡಾಯ. 18ರಿಂದ 65 ವರ್ಷದೊಳಗಿನವರು, ಹತ್ತನೇ ತರಗತಿ ಪಾಸಾದವರು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಮುಗಿಸಿದರೆ ಇದನ್ನು ಪಡೆಯಬಹುದು. ಇದು ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು. 2023ರ ಸೆಪ್ಟೆಂಬರಿನ ತಿದ್ದುಪಡಿಯ ನಂತರ ಮತದಾರರ ಚೀಟಿ, ಪಡಿತರ ಚೀಟಿ, ಚಾಲನಾ ಪರವಾನಗಿಯಂಥ ಸರ್ಕಾರಿ ದಾಖಲೆಯೇ ಸಾಕಾಯಿತು. ಪಾಸ್‌ಪೋರ್ಟಿನ ಮುಖವನ್ನೇ ಕಾಣದ ಮನೆಗಳ ಹುಡುಗಿಯರಿಗೆ ಈ ಸಣ್ಣ ತಿದ್ದುಪಡಿ ಮಾಡಿದಷ್ಟು ಉಪಕಾರವನ್ನು ದೊಡ್ಡ ಘೋಷಣೆಗಳೂ ಮಾಡಿಲ್ಲ.

ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಲಾಗಿದೆ. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಬೇಡ. ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು. ದೇವನಹಳ್ಳಿಯಂತೆ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಊರುಗಳಲ್ಲಿ ಡ್ರೋನ್ ಮೇಲೆತ್ತುವ ಮೊದಲು ವಲಯದ ನಕ್ಷೆ ನೋಡಲೇಬೇಕು.

ತರಬೇತಿ

ಸ್ಮಾಲ್ ವರ್ಗದ ಮೂಲ ತರಬೇತಿ ಸಾಮಾನ್ಯವಾಗಿ ಐದು ದಿನಗಳದ್ದು. ನಿಯಮಗಳು, ಹಾರಾಟದ ತತ್ವ, ಹವಾಮಾನ, ಬ್ಯಾಟರಿ ನಿರ್ವಹಣೆ, ತುರ್ತು ಸಂದರ್ಭದ ಕ್ರಮಗಳ ಪಾಠ ಮೊದಲು. ಆಮೇಲೆ ಕಂಪ್ಯೂಟರಿನ ಸಿಮ್ಯುಲೇಟರ್, ಕೊನೆಗೆ ಮೈದಾನ. ರಿಮೋಟಿನ ಸಾಮಾನ್ಯ ಜೋಡಣೆಯಲ್ಲಿ ಎಡಗೈ ಕೋಲು ಡ್ರೋನನ್ನು ಏರಿಸಿ ಇಳಿಸುತ್ತದೆ, ನಿಂತಲ್ಲೇ ತಿರುಗಿಸುತ್ತದೆ. ಬಲಗೈ ಕೋಲು ಹಿಂದೆ ಮುಂದೆ, ಅಕ್ಕಪಕ್ಕ ಒಯ್ಯುತ್ತದೆ. ಡ್ರೋನಿನ ಮೂತಿ ಪೈಲಟ್‌ ಕಡೆಗೆ ತಿರುಗಿದಾಗ ಎಡಬಲ ಅದಲುಬದಲಾಗುತ್ತದೆ. ಹೊಸಬರ ಕೈ ತಡವರಿಸುವುದು ಇಲ್ಲೇ. ಎಂಟರ ಆಕಾರದಲ್ಲಿ ಹಾರಿಸುವ ಅಭ್ಯಾಸವನ್ನು ಮತ್ತೆಮತ್ತೆ ಮಾಡಿಸುವುದು ಈ ಗೊಂದಲ ಹೋಗಲೆಂದು. ಜಿಪಿಎಸ್ ನೆರವು ತಪ್ಪಿದಾಗ ಗಾಳಿಗೆ ಜಾರುವ ಡ್ರೋನನ್ನು ಕೈಯಿಂದಲೇ ಹಿಡಿದು ನಿಲ್ಲಿಸಿ ಇಳಿಸುವುದು ಕಠಿಣವಾದ ಪಾಠ. ನಿಜವಾದ ಪೈಲಟ್ ತಯಾರಾಗುವುದು ಅದನ್ನು ಕಲಿತ ಮೇಲೆ.

ಪ್ರಮಾಣಪತ್ರದಲ್ಲಿ ಡ್ರೋನಿನ ಬಗೆ ಮತ್ತು ವರ್ಗ ನಮೂದಾಗಿರುತ್ತದೆ. ಮೈಕ್ರೋ ವರ್ಗಕ್ಕೆ ಪಡೆದ ಪ್ರಮಾಣಪತ್ರ ಹಿಡಿದು ಹೊಲದ ಸಿಂಪಡಣೆ ಡ್ರೋನ್ ಹಾರಿಸುವಂತಿಲ್ಲ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆಗಳಲ್ಲದೆ ಅನೇಕ ಖಾಸಗಿ ಶಾಲೆಗಳೂ ಈ ತರಬೇತಿ ಕೊಡುತ್ತವೆ. ಖಾಸಗಿಯಲ್ಲಿ ಶುಲ್ಕ ಹತ್ತಾರು ಸಾವಿರ ರೂಪಾಯಿ. ಐಟಿಐಗಳ ಪಠ್ಯಕ್ರಮದಲ್ಲಿ ಡ್ರೋನ್ ಪೈಲಟ್ ಮತ್ತು ಡ್ರೋನ್ ತಂತ್ರಜ್ಞರಿಗಾಗಿ ಆರು ತಿಂಗಳ ಕೋರ್ಸ್‌ಗಳು ಸೇರಿವೆ.

ನಮೋ ಡ್ರೋನ್ ದೀದಿ

ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ನೀಡುವ ಘೋಷಣೆ 2023ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಬಂತು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಕೇಂದ್ರ ಸಚಿವ ಸಂಪುಟ 1,261 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ 15,000 ಸಂಘಗಳು. ಅದರಲ್ಲಿ ಮೊದಲ 500 ಡ್ರೋನ್‌ಗಳನ್ನು ರಸಗೊಬ್ಬರ ಕಂಪನಿಗಳು ತಮ್ಮ ಸ್ವಂತ ಹಣದಿಂದ ಕೊಟ್ಟವು. 2024ರ ಮಾರ್ಚ್ 11ರಂದು ದೆಹಲಿಯ ಪೂಸಾದಲ್ಲಿ ನಡೆದ ಸಮಾರಂಭದ ದಿನ ದೇಶದ ಹಲವೆಡೆ ಡ್ರೋನ್ ದೀದಿಯರಿಗೆ 1,000 ಡ್ರೋನ್‌ಗಳನ್ನು ಹಸ್ತಾಂತರಿಸಲಾಯಿತು.

ಡ್ರೋನ್ ಮತ್ತು ಪರಿಕರಗಳ ವೆಚ್ಚದಲ್ಲಿ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಉಳಿದದ್ದಕ್ಕೆ ಸಂಘವು ಕೃಷಿ ಮೂಲಸೌಕರ್ಯ ನಿಧಿಯಡಿ ಶೇ 3ರ ಬಡ್ಡಿ ರಿಯಾಯಿತಿಯ ಸಾಲ ಪಡೆಯಬಹುದು. ಡ್ರೋನಿನ ಜೊತೆ ನಾಲ್ಕು ಹೆಚ್ಚುವರಿ ಬ್ಯಾಟರಿ ಸೆಟ್‌ಗಳು, ಚಾರ್ಜರ್, ಬಿಡಿ ರೆಕ್ಕೆಗಳು, ನಾಜಲ್‌ಗಳು, ಗಾಳಿಯ ವೇಗ ಅಳೆಯುವ ಸಾಧನ, ನೀರಿನ ಹುಳಿ–ಕ್ಷಾರ ನೋಡುವ ಪಿಎಚ್ ಮೀಟರ್, ಒಂದು ವರ್ಷದ ವಿಮೆ ಬರುತ್ತವೆ. ತರಬೇತಿ ಹದಿನೈದು ದಿನ: ಐದು ದಿನ ಕಡ್ಡಾಯ ಪೈಲಟ್ ಪಾಠ, ಹತ್ತು ದಿನ ಗೊಬ್ಬರ–ಕೀಟನಾಶಕ ಸಿಂಪಡಣೆಯ ಪಾಠ.

ಪೈಲಟ್ ಜೊತೆಗೆ ರಿಪೇರಿ ಕೆಲಸದಲ್ಲಿ ಆಸಕ್ತಿ ಇರುವ ಇನ್ನೊಬ್ಬ ಸದಸ್ಯೆ ಅಥವಾ ಸದಸ್ಯರ ಕುಟುಂಬದ ಒಬ್ಬರನ್ನು ಸಹಾಯಕ ತಂತ್ರಜ್ಞರಾಗಿ ತರಬೇತಿಗೊಳಿಸಲು ಯೋಜನೆ ಹೇಳುತ್ತದೆ. ಕುಟುಂಬದವರು ಎಂದಾಗ ಆ ಜಾಗ ಗಂಡನಿಗೋ ತಮ್ಮನಿಗೋ ಸುಲಭವಾಗಿ ಹೋಗುತ್ತದೆ. ಹಾರಿಸುವವಳು ಹೆಣ್ಣು, ಬಿಚ್ಚಿ ಜೋಡಿಸುವವನು ಗಂಡು ಎಂದಾದರೆ ನಾಜಲ್ ಕಟ್ಟಿಕೊಂಡ ದಿನವೇ ಕೆಲಸ ಇನ್ನೊಬ್ಬರ ಬಿಡುವಿಗೆ ಕಾಯಬೇಕಾಗುತ್ತದೆ. ತಂತ್ರಜ್ಞೆಯ ಜಾಗಕ್ಕೂ ಹೆಣ್ಣುಮಗಳನ್ನೇ ಕಳಿಸಿದ ಸಂಘಕ್ಕೆ ಯಂತ್ರ ನಿಜಕ್ಕೂ ಕೈವಶವಾಗುತ್ತದೆ.

ಮದುವೆಯಾಗದ ಹುಡುಗಿಯನ್ನು ಆರಿಸಲು ಸಂಘಗಳು ಹಿಂಜರಿಯುವುದುಂಟು. ನಾಳೆ ಬೇರೆ ಊರಿಗೆ ಹೋದರೆ ಯಂತ್ರ ಮೂಲೆ ಸೇರುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಯಂತ್ರ ಸಂಘದ್ದು, ಪ್ರಮಾಣಪತ್ರ ಅವಳದ್ದು. ದೇಶದ ಯಾವ ಊರಿಗೆ ಹೋದರೂ ಅದು ಅವಳ ಜೊತೆಗೇ ಹೋಗುತ್ತದೆ. ಒಂದು ಸಂಘದಲ್ಲಿ ಇಬ್ಬರು ಪೈಲಟ್‌ಗಳಿದ್ದರೆ ಈ ಅಂಜಿಕೆ ತಾನೇ ಕರಗುತ್ತದೆ.

ಹೊಲದಲ್ಲಿ

ಕಲಬುರಗಿ ಸೀಮೆಯ ತೊಗರಿಯನ್ನು ನೋಡಿದರೆ ಡ್ರೋನಿನ ಉಪಯೋಗ ತಿಳಿಯುತ್ತದೆ. ಹೂ ಕಟ್ಟುವ ಹೊತ್ತಿಗೆ ಗಿಡ ಆಳೆತ್ತರ ಬೆಳೆದು ಸಾಲುಗಳು ಕೂಡಿಕೊಂಡಿರುತ್ತವೆ. ಕಾಯಿಕೊರಕ ಹುಳು ಬೀಳುವುದೂ ಆಗಲೇ. ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ನುಗ್ಗಿದವರ ಮುಖಕ್ಕೇ ಔಷಧಿ ಸಿಡಿಯುತ್ತದೆ. ಡ್ರೋನ್ ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಸಾಗುತ್ತದೆ. ರೆಕ್ಕೆಗಳ ಕೆಳಗಾಳಿಗೆ ಎಲೆಗಳು ಮಗುಚಿ ಹನಿಗಳು ಒಳಗಿಳಿಯುತ್ತವೆ. ಎಕರೆಗೆ ಸುಮಾರು ಹತ್ತು ಲೀಟರ್ ದ್ರಾವಣ, ಹತ್ತು ನಿಮಿಷದ ಆಸುಪಾಸು ಸಮಯ ಸಾಕು.

ಹಾರಾಟಕ್ಕಿಂತ ಅದರ ಮುಂಚಿನ ತಯಾರಿಯೇ ಹೆಚ್ಚು. ಪೈಲಟ್ ಮೊದಲು ಬದುವಿನ ಸುತ್ತ ನಡೆದು ವಿದ್ಯುತ್ ತಂತಿ, ಮರ, ಕಂಬಗಳನ್ನು ಗುರುತು ಮಾಡಿಕೊಳ್ಳುತ್ತಾಳೆ. ಗಾಳಿ ಅಳೆದು, ಅದು ಬೀಸಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲುವ ಜಾಗ ಆರಿಸುತ್ತಾಳೆ. ರೆಕ್ಕೆಗಳ ಬಿಗಿ, ದಿಕ್ಸೂಚಿ, ಬ್ಯಾಟರಿ ನೋಡಿ, ಎಲ್ಲರನ್ನೂ ದೂರ ಸರಿಸಿ ಮೇಲೆತ್ತುತ್ತಾಳೆ. ಟ್ಯಾಂಕು ಖಾಲಿಯಾದೊಡನೆ ಡ್ರೋನ್ ಇಳಿಯುತ್ತದೆ. ಸಹಾಯಕಿ ಬ್ಯಾಟರಿ ಬದಲಿಸಿ ಔಷಧಿ ತುಂಬುತ್ತಾಳೆ. ಬಿಸಿಯಾಗಿರುವ ಬ್ಯಾಟರಿಯನ್ನು ಆರುವ ಮೊದಲು ಚಾರ್ಜಿಗೆ ಹಾಕಬಾರದು. ಉಬ್ಬಿದ ಬ್ಯಾಟರಿಯನ್ನು ಮುಟ್ಟಲೇಬಾರದು, ಬೆಂಕಿ ಹತ್ತಬಹುದು.

ಡ್ರೋನ್ ಬಂದ ಮಾತ್ರಕ್ಕೆ ವಿಷದ ಅಪಾಯ ತಪ್ಪುವುದಿಲ್ಲ. ನೀರು ಕಡಿಮೆಯಾದ್ದರಿಂದ ದ್ರಾವಣ ಹೆಚ್ಚು ಗಾಢ. ಬೆರೆಸಿ ತುಂಬುವವರಿಗೆ ಕೈಗವಸು, ಮುಖಗವಸು, ಕನ್ನಡಕ ಬೇಕೇ ಬೇಕು. ಗರ್ಭಿಣಿಯರು, ಮಗುವಿಗೆ ಹಾಲೂಡಿಸುವವರು ಈ ಕೆಲಸದಿಂದ ದೂರವಿರಬೇಕು. ಜೋರು ಗಾಳಿಗೆ ಹನಿಗಳು ಪಕ್ಕದ ಹಿಪ್ಪುನೇರಳೆಗೆ ಬಿದ್ದರೆ ಆ ಸೊಪ್ಪು ತಿಂದ ರೇಷ್ಮೆ ಹುಳು ಉಳಿಯದು. ಜೇನು ಹಾರಾಡುವ ಹೊತ್ತನ್ನೂ ತಪ್ಪಿಸಬೇಕು.

ಗಳಿಕೆ

ಸಿಂಪಡಣೆಗೆ ಎಕರೆಗೆ ಸಾಮಾನ್ಯವಾಗಿ 300ರಿಂದ 500 ರೂಪಾಯಿ ಬಾಡಿಗೆ ಇದೆ. ಡ್ರೋನ್ ದೀದಿ ಯೋಜನೆಯ ಮಾರ್ಗಸೂಚಿಯ ಲೆಕ್ಕದಲ್ಲಿ ದಿನಕ್ಕೆ 20 ಎಕರೆ ಸಾಧ್ಯ. ಆದರೆ ಚದುರಿದ ಅರ್ಧ ಎಕರೆ, ಒಂದು ಎಕರೆ ತುಂಡುಗಳ ನಡುವೆ ಯಂತ್ರ ಹೊತ್ತು ತಿರುಗುವಾಗ ಆ ಅಂಕಿ ಮುಟ್ಟುವುದು ಕಷ್ಟ. ಡ್ರೋನ್ ಪೆಟ್ಟಿಗೆ, ಬ್ಯಾಟರಿ, ನೀರಿನ ಡ್ರಮ್ಮು ದ್ವಿಚಕ್ರ ವಾಹನದಲ್ಲಿ ಹೋಗುವಂಥವಲ್ಲ. ಕೆಲಸವೂ ಹಂಗಾಮಿನದು: ಕೆಲವು ವಾರ ಪುರುಸೊತ್ತಿಲ್ಲ, ಆಮೇಲೆ ತಿಂಗಳುಗಟ್ಟಲೆ ಕರೆಯಿಲ್ಲ.

ಯೋಜನೆ ನಿರೀಕ್ಷಿಸಿರುವುದು ವರ್ಷಕ್ಕೆ ಕನಿಷ್ಠ ಒಂದು ಲಕ್ಷ ರೂಪಾಯಿ ಹೆಚ್ಚುವರಿ ಆದಾಯ. ಅದು ಸಂಘಕ್ಕೆ ಬರುವ ಹಣ, ಪೈಲಟ್ ಒಬ್ಬಳಿಗಲ್ಲ. ಅವಳಿಗೆ ಎಕರೆಗೆ ಎಷ್ಟು, ಸಾಲದ ಕಂತಿಗೆ ಎಷ್ಟು ಎಂದು ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಮನಸ್ತಾಪವಿರದು. ಬ್ಯಾಟರಿಗಳ ಆಯುಷ್ಯ ಕೆಲವು ನೂರು ಚಾರ್ಜ್‌ಗಳಷ್ಟೇ ಆದ್ದರಿಂದ ಪ್ರತಿ ಎಕರೆಯ ದುಡ್ಡಿನಲ್ಲೂ ಹೊಸ ಬ್ಯಾಟರಿಗೆಂದು ಪಾಲು ತೆಗೆದಿಡಬೇಕು.

ಗಳಿಕೆಗೆ ನ್ಯಾನೋ ಯೂರಿಯಾ ಎಂಬ ದ್ರವ ಗೊಬ್ಬರದ ಸಿಂಪಡಣೆಯನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಅದನ್ನು ಬಳಸಿ ಸಾಮಾನ್ಯ ಯೂರಿಯಾ ಕಡಿತಗೊಳಿಸಿದಾಗ ಭತ್ತ, ಗೋಧಿಯ ಇಳುವರಿ ಇಳಿದಿತ್ತು.

ಕೃಷಿಯಾಚೆ

ವರ್ಷವಿಡೀ ಕೆಲಸ ಬೇಕೆನ್ನುವವರಿಗೆ ಭೂಮಾಪನದಲ್ಲಿ ಹೆಚ್ಚು ಭರವಸೆಯಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಸತಿ ಪ್ರದೇಶವನ್ನು ಡ್ರೋನಿನಿಂದ ಅಳೆದು ಆಸ್ತಿ ಪತ್ರ ಕೊಡುತ್ತಾರೆ. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗಣಿ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ 50 ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚಿನ ಗಣಿ ಗುತ್ತಿಗೆಗಳಿಗೆ ಡ್ರೋನ್ ಸಮೀಕ್ಷೆ ಕಡ್ಡಾಯ. ಪಾವಗಡದ ಸೌರ ಪಾರ್ಕ್, ಗದಗ–ಚಿತ್ರದುರ್ಗದ ಗಾಳಿಯಂತ್ರಗಳಂಥ ಕಡೆ ತಪಾಸಣೆಗೂ ಡ್ರೋನ್ ಒದಗುತ್ತದೆ. ಇಲ್ಲೆಲ್ಲ ಬೆಲೆ ಬರುವುದು ತೆಗೆದ ಚಿತ್ರಗಳನ್ನು ಜೋಡಿಸಿ ನಕ್ಷೆ ಮಾಡುವ ಕೌಶಲಕ್ಕೆ. ಭೂಗೋಳ, ಸಿವಿಲ್, ಕಂಪ್ಯೂಟರ್ ಓದಿದ ಯುವತಿಯರು ಪೈಲಟ್ ಪ್ರಮಾಣಪತ್ರದ ಜೊತೆಗೆ ಇದನ್ನೂ ಕಲಿಯುವುದು ಮೇಲು.

ಶುಲ್ಕ ಕಟ್ಟುವ ಮೊದಲು ಶಾಲೆಯ ಹೆಸರು ಡಿಜಿಸಿಎ ಪಟ್ಟಿಯಲ್ಲಿದೆಯೇ, ತರಬೇತಿ ಯಾವ ವರ್ಗದ ಡ್ರೋನಿಗೆ, ಪ್ರತಿಯೊಬ್ಬರ ಕೈಗೂ ರಿಮೋಟ್ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಿ ತಿಳಿಯಬೇಕು. ಪಟ್ಟಿಯಲ್ಲಿಲ್ಲದ ಸಂಸ್ಥೆಯ ಪ್ರಮಾಣಪತ್ರಕ್ಕೆ ಕಾನೂನಿನ ಬೆಲೆಯಿಲ್ಲ.