ಏಣಿಯಿಂದ ತೋಳಿಗೆ: ಕ್ರೈಸ್ತ ದೀನತೆ ನಡೆದು ಬಂದ ದಾರಿ

ಗ್ರೀಕರ ನೀತಿಶಾಸ್ತ್ರದಲ್ಲಿ ದೀನತೆಗೆ ಜಾಗವಿರಲಿಲ್ಲ. ಅರಿಸ್ಟಾಟಲ್ ಮೆಚ್ಚಿದ್ದು ತನ್ನ ಯೋಗ್ಯತೆ ಬಲ್ಲ, ಅದಕ್ಕೆ ತಕ್ಕ ಮರ್ಯಾದೆಯನ್ನು ಹಕ್ಕಿನಿಂದ ಪಡೆಯುವ ದೊಡ್ಡ ಮನುಷ್ಯನನ್ನು. ತಲೆ ತಗ್ಗಿಸುವುದು ಗುಲಾಮರ ಪಾಡು. ಅಂಥ ಲೋಕದಲ್ಲಿ ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರ, ಕ್ರಿಸ್ತನೇ ದಾಸನ ರೂಪ ತಾಳಿ ಶಿಲುಬೆಯ ಸಾವಿನವರೆಗೆ ಇಳಿದನೆಂದು ಸಾರಿತು. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ನಡುವೆ ಒಂದು ಮಗುವನ್ನು ನಿಲ್ಲಿಸಿ, ಹೀಗಾದರೆ ಮಾತ್ರ ಪರಲೋಕರಾಜ್ಯ ಎನ್ನುತ್ತಾನೆ. ಒಂದು ಕಡೆ ಇಳಿಯುವ ದಾಸ, ಇನ್ನೊಂದು ಕಡೆ ನಂಬಿ ನಿಂತ ಮಗು. ದೀನತೆ ಎಂದರೆ ಸಾಧಿಸಬೇಕಾದದ್ದೋ, ನಂಬಿದವರಿಗೆ ತಾನಾಗಿ ಒದಗುವುದೋ ಎಂಬ ಜಗ್ಗಾಟ ಅಲ್ಲಿಂದಲೇ ಶುರು.

ಮೊದಲು ಗೆದ್ದದ್ದು ಸಾಧನೆ. 4ನೇ ಶತಮಾನದ ಹೊತ್ತಿಗೆ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ವಿಗಳ ಗುಡಿಸಲುಗಳು ಎದ್ದಿದ್ದವು. ಅವರ ನುಡಿಸಂಗ್ರಹಗಳಲ್ಲಿ ಮೋಶೆ ಎಂಬ ಕರಿಯ ಸಂತನ ಕಥೆಯೊಂದಿದೆ. ಒಂದು ಕಾಲಕ್ಕೆ ದರೋಡೆಕೋರನಾಗಿದ್ದ ಆಸಾಮಿ. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಹಿರಿಯರು ಅವನನ್ನೂ ಕರೆಸಿದರು. ಅವನು ತೂತುಬಿದ್ದ ಕೊಡಕ್ಕೆ ನೀರು ತುಂಬಿಸಿ ಬೆನ್ನಿಗೆ ಹೊತ್ತು ಬಂದ. ಏನಿದು ಎಂದವರಿಗೆ, ನನ್ನ ಪಾಪಗಳು ಹಿಂದೆ ಸೋರುತ್ತ ಬರುತ್ತಿವೆ, ನನಗೇ ಕಾಣುತ್ತಿಲ್ಲ, ಇನ್ನೊಬ್ಬನ ತೀರ್ಪಿಗೆ ಹೊರಟಿದ್ದೇನೆ ಎಂಬರ್ಥದ ಉತ್ತರ ಕೊಟ್ಟ. ವಿಚಾರಣೆ ಅಲ್ಲಿಗೇ ನಿಂತಿತು. ಈ ಕಥೆಯ ಸೊಗಸೆಂದರೆ ಅದು ದೀನತೆಯನ್ನು ಬೋಧಿಸುವುದಿಲ್ಲ. ಅದರಿಂದ ಒಬ್ಬ ಬಡಪಾಯಿ ಬಚಾವಾದ ಎಂದಷ್ಟೇ ಹೇಳುತ್ತದೆ.

ಮರುಭೂಮಿಯ ಈ ಅನುಭವವನ್ನು ಯುರೋಪಿಗೆ ಒಯ್ದ ಜಾನ್ ಕ್ಯಾಸಿಯನ್ ದೀನತೆಗೆ ಹತ್ತು ಲಕ್ಷಣ ಗುರುತಿಸಿದ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠನಿಯಮದ 7ನೇ ಅಧ್ಯಾಯದಲ್ಲಿ ಅದನ್ನು 12 ಮೆಟ್ಟಿಲಿನ ಏಣಿ ಮಾಡಿದ. ತಾನೇ ಎಲ್ಲರಿಗಿಂತ ಕೀಳು ಎಂದು ಬಾಯಲ್ಲಿ ಹೇಳಿದರೆ ಸಾಲದು, ಒಳಗಿಂದ ನಂಬಬೇಕು ಎಂಬುದು ಏಳನೆಯ ಮೆಟ್ಟಿಲು. ಶಿವಭಕ್ತರಲ್ಲೆಲ್ಲ ತಾನೇ ಕಿರಿಯನೆಂದ ಬಸವಣ್ಣನನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ಬಸವಣ್ಣನದು ಉಕ್ಕಿ ಬಂದ ಮಾತು, ಬೆನೆಡಿಕ್ಟನದು ಮಠದ ಕಾಯಿದೆ. ಸಿನಾಯ್ ಬೆಟ್ಟದ ಯೋಹಾನನ ಏಣಿಗಂತೂ 30 ಮೆಟ್ಟಿಲು. ಅಲ್ಲಿನ ಸಂತ ಕ್ಯಾಥರೀನ್ ಮಠದಲ್ಲಿರುವ 12ನೇ ಶತಮಾನದ ಚಿತ್ರಪಟದಲ್ಲಿ ಸನ್ಯಾಸಿಗಳು ಓರೆಯಾದ ಏಣಿ ಹತ್ತುತ್ತಿದ್ದಾರೆ, ಕಪ್ಪು ಪಿಶಾಚಿಗಳು ಹಗ್ಗ, ಬಾಣ ಹಿಡಿದು ನಡುವೆಯೇ ಹಲವರನ್ನು ಕೆಡವುತ್ತಿವೆ.

ಏಣಿಯ ಅಪಾಯ ಮೊದಲು ಹೊಳೆದದ್ದು ಅದೇ ಪರಂಪರೆಯ ಬರ್ನಾರ್ಡನಿಗೆ ಇರಬೇಕು. 12ನೇ ಶತಮಾನದಲ್ಲಿ ಅವನು ದೀನತೆಯ ಮೆಟ್ಟಿಲುಗಳ ಬಗ್ಗೆ ಬರೆಯಲು ಕೂತು, ಹೆಚ್ಚಿನ ಪುಟಗಳನ್ನು ಅಹಂಕಾರದ ಮೆಟ್ಟಿಲುಗಳಿಗೇ ಕೊಟ್ಟ. ಸುಮ್ಮಸುಮ್ಮನೆ ಕಿಸಿಕಿಸಿ ನಗುವವ, ಮಾತು ತಡೆಯಲಾರದವ, ಉಳಿದವರಿಗಿಂತ ಒಂದು ಉಪವಾಸ ಹೆಚ್ಚಿಗೆ ಮಾಡಿ ಸುತ್ತ ನೋಡುವವ: ಎಲ್ಲ ಮಠದೊಳಗಿನ ಮಂದಿಯೇ. ಮೆಟ್ಟಿಲೆಣಿಸುವವನ ಕಣ್ಣು ತನ್ನ ಕಾಲಿನ ಮೇಲೇ ಇರುತ್ತದೆ. ಈ ಗಂಟನ್ನು ಲೂಥರ್ 1521ರಲ್ಲಿ ಒಂದೇ ಏಟಿಗೆ ಕಡಿದ. ಮರಿಯಳ ಸ್ತುತಿಗೀತೆಗೆ ಬರೆದ ವ್ಯಾಖ್ಯಾನದಲ್ಲಿ ಅವನ ವಾದವಿಷ್ಟು: ಅವಳು ಕೊಂಡಾಡಿದ್ದು ತನ್ನ ದೀನತೆಯನ್ನಲ್ಲ, ತನ್ನತ್ತ ನೋಡಿದ ದೇವರನ್ನು, ನಿಜವಾದ ದೀನನಿಗೆ ತಾನು ದೀನನೆಂದೇ ಗೊತ್ತಿರುವುದಿಲ್ಲ. ಗುಣದ ಜಾಗಕ್ಕೆ ಭರವಸೆ ಬಂತು.

ನಾಲ್ಕು ಶತಮಾನಗಳ ನಂತರ ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ ಇದೇ ಜಗಳವನ್ನು ಶ್ರೀವೈಷ್ಣವರಲ್ಲಿ ಕಂಡ. ತಾಯಿಯನ್ನು ಅವಚಿ ಹಿಡಿಯುವ ಕೋತಿಮರಿಯೋ, ತಾಯಿಯೇ ಕಚ್ಚಿ ಒಯ್ಯುವ ಬೆಕ್ಕಿನ ಮರಿಯೋ ಎಂಬ ವಡಗಲೆ, ತೆಂಗಲೆಯವರ ಚರ್ಚೆಯನ್ನು ಕ್ರೈಸ್ತ ಕೃಪೆಯ ಚರ್ಚೆಯ ಪಕ್ಕದಲ್ಲಿಟ್ಟು ನೋಡಿದ ಅವನ ಪುಸ್ತಕ 1930ರದು. ಮೇಲುಕೋಟೆಯ ಓದುಗರಿಗೆ ಲೂಥರ್ ಬಹುಶಃ ನನಗಿಂತ ಬೇಗ ಅರ್ಥವಾಗುತ್ತಾನೆ.

ಬೆಕ್ಕಿನ ಮರಿಯ ದಾರಿಗೂ ಅದರದೇ ಪ್ರಪಾತಗಳಿದ್ದವು. ಆತ್ಮ ಏನೂ ಮಾಡದೆ ದೇವರಲ್ಲಿ ನಿಶ್ಚಲವಾಗಿದ್ದರೆ ಸಾಕು ಎಂದ ಸ್ಪೇನಿನ ಮೊಲಿನೋಸ್‌ನನ್ನು ರೋಮ್ 1687ರಲ್ಲಿ ಖಂಡಿಸಿತು. ಹೆರ್ನ್‌ಹೂಟ್‌ನ ಕೌಂಟ್ ಜಿನ್‌ಜೆಂಡಾರ್ಫ್‌ನ ಬಳಗದಲ್ಲಿ ಮಗುವಿನಂಥ ಭಕ್ತಿ 1740ರ ದಶಕದಲ್ಲಿ ಬರೀ ಮಕ್ಕಳಾಟವಾಗಿ, ಕೊನೆಗೆ ಅವನೇ ತಡೆಯಬೇಕಾಯಿತು. ಸಮತೋಲ ಸಿಕ್ಕಿದ್ದು ಪ್ಯಾರಿಸ್ಸಿನ ಒಂದು ಅಡುಗೆಮನೆಯಲ್ಲಿ. ಗಾಯಗೊಂಡು ಕುಂಟನಾದ ಮಾಜಿ ಸೈನಿಕ, ಕಾರ್ಮೆಲ್ ಮಠದ ಸಹೋದರ ಲಾರೆನ್ಸ್, ಪಾತ್ರೆಗಳ ಸದ್ದಿನ ನಡುವೆಯೂ ದೇವರೊಡನೆ ಮಾತಾಡುತ್ತಿದ್ದ. ತಪ್ಪಾದರೆ ಒಪ್ಪಿಕೊಂಡು, ಕೊರಗದೆ ಮುಂದಿನ ಕೆಲಸಕ್ಕೆ ಹೋಗುತ್ತಿದ್ದ. 1691ರಲ್ಲಿ ತೀರಿಕೊಂಡ ಆತ ಪುಸ್ತಕ ಬರೆಯಲಿಲ್ಲ. ಪತ್ರಗಳನ್ನೂ ಸಂಭಾಷಣೆಗಳನ್ನೂ ಕೂಡಿಸಿದವರು ಬೇರೆಯವರು.

ಜಿನ್‌ಜೆಂಡಾರ್ಫ್‌ನ ಬಳಗವೂ ಸೇರಿದ್ದ ಜರ್ಮನಿಯ ಪಯಟಿಸ್ಟ್ ಭಕ್ತಿಯ ಇನ್ನೊಂದು ಕವಲು ಬಾಸೆಲ್ ಮಿಶನ್ ಮೂಲಕ 1834ರಲ್ಲಿ ಮಂಗಳೂರಿಗೆ ಬಂದಿಳಿಯಿತು. ಹರ್ಮನ್ ಮೋಗ್ಲಿಂಗ್ ಇಲ್ಲಿ ಕ್ರೈಸ್ತಗೀತೆಗಳ ಜೊತೆಗೆ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಮತಾಂತರಕ್ಕೆಂದು ಬಂದವರ ಕೈಯಲ್ಲಿ ನಮ್ಮ ದಾಸ್ಯಭಕ್ತಿ ಹೀಗೆ ಅಚ್ಚು ಕಂಡದ್ದು ಇತಿಹಾಸದ ತಮಾಷೆಗಳಲ್ಲೊಂದು.

ಇತ್ತ ಯುರೋಪಿನಲ್ಲಿ ಹ್ಯೂಮ್ 1751ರಲ್ಲೇ ದೀನತೆಯನ್ನು ಯಾರಿಗೂ ಉಪಯೋಗವಿಲ್ಲದ ಸನ್ಯಾಸಿಗುಣವೆಂದು ತಳ್ಳಿಹಾಕಿದ್ದ. ನೀಚೆ 1887ರಲ್ಲಿ, ಅದು ದುರ್ಬಲರ ಹೊಟ್ಟೆಕಿಚ್ಚು ಹಾಕಿಕೊಂಡ ವೇಷ ಎಂದ. ಅದೇ ವರ್ಷ ಫ್ರಾನ್ಸಿನ 14ರ ಹುಡುಗಿಯೊಬ್ಬಳು ತಂದೆಯೊಡನೆ ರೋಮ್ ಯಾತ್ರೆಗೆ ಹೋಗಿದ್ದಳು. ದಾರಿಯಲ್ಲಿ ಲಿಫ್ಟ್‌ಗಳನ್ನು ಕಂಡಳು.

ಅವಳು ಲಿಸಿಯ ತೆರೇಸಾ. ಕರ್ನಾಟಕದ ಊರೂರಲ್ಲಿ ಲಿಟಲ್ ಫ್ಲವರ್ ಹೆಸರಿನ ಶಾಲೆಗಳಿವೆ. ಆ ಹೂವು ಈಕೆಯೇ. 15ಕ್ಕೆ ಕಾರ್ಮೆಲ್ ಮಠ ಸೇರಿ 24ಕ್ಕೆ ಕ್ಷಯದಿಂದ ತೀರಿಕೊಂಡಳು. 1897ರ ಜೂನ್‌ನಲ್ಲಿ, ಮಠದ ತೋಟದಲ್ಲಿ, ತಂದೆ ಬಳಸುತ್ತಿದ್ದ ಗಾಲಿಕುರ್ಚಿಯಲ್ಲಿ ಕೂತು ಅವಳು ಆ ಲಿಫ್ಟನ್ನು ನೆನೆದು ಬರೆದಳು: ಪರಿಪೂರ್ಣತೆಯ ಕಡಿದಾದ ಮೆಟ್ಟಿಲು ಹತ್ತಲು ತನಗೆ ತ್ರಾಣವಿಲ್ಲ, ಯೇಸುವಿನ ತೋಳುಗಳೇ ತನಗೆ ಲಿಫ್ಟ್; ಅದಕ್ಕೆ ದೊಡ್ಡವಳಾಗಬೇಕಿಲ್ಲ, ಇನ್ನಷ್ಟು ಪುಟ್ಟವಳಾಗಬೇಕು. ಬೆನೆಡಿಕ್ಟನ ಏಣಿಗೆ ಇದಕ್ಕಿಂತ ನೇರ ಉತ್ತರ ನಾನು ಓದಿಲ್ಲ. ಪ್ರಾರ್ಥನೆಯಲ್ಲಿ ತೂಕಡಿಸಿದರೂ ಅವಳಿಗೆ ಅಳುಕಿಲ್ಲ, ನಿದ್ರಿಸುವ ಮಕ್ಕಳ ಮೇಲೆ ತಂದೆತಾಯಿಗೆ ಪ್ರೀತಿ ಕಡಿಮೆಯೇ ಎಂದುಕೊಳ್ಳುತ್ತಾಳೆ. ಬಟ್ಟೆ ಒಗೆಯುವಾಗ ಎದುರಿನ ಸಹೋದರಿ ಮುಖಕ್ಕೆ ಕೊಳಕು ನೀರು ಚಿಮ್ಮಿಸಿದರೆ ಒರೆಸಿಕೊಳ್ಳದೆ ನಿಲ್ಲುತ್ತಾಳೆ.

ಇದೆಲ್ಲ ಬೆಲ್ಲದಚ್ಚಿನಂತೆ ಕಂಡರೆ ತಪ್ಪು ಓದುಗರದೊಂದೇ ಅಲ್ಲ. 1898ರಲ್ಲಿ ಹೊರಬಂದ ಅವಳ ಆತ್ಮಕಥೆಯನ್ನು ಅಕ್ಕ ಪೋಲೀನ್ ಧಾರಾಳವಾಗಿ ತಿದ್ದಿದ್ದಳು. ಮೂಲ ಹಸ್ತಪ್ರತಿ ಅಚ್ಚಾದದ್ದು 1956ರಲ್ಲಿ. ಆ ನಂತರವೇ ವಿದ್ವಾಂಸರ ಗಮನ ಅವಳ ಕೊನೆಯ ಹದಿನೆಂಟು ತಿಂಗಳ ಕತ್ತಲೆಯತ್ತ ಬಲವಾಗಿ ಹರಿಯಿತು. ಪರಲೋಕವೇ ಇಲ್ಲವೇನೋ ಎಂಬ ಅನುಮಾನ ಕಾಡುತ್ತಿದ್ದಾಗಲೂ ನಂಬುತ್ತೇನೆಂದು ಹಟ ಹಿಡಿದವಳು ಈ ಪುಟ್ಟ ಹುಡುಗಿ. 1997ರಲ್ಲಿ ಧರ್ಮಸಭೆ ಅವಳಿಗೆ ಪಂಡಿತೆಯ ಪದವಿ ಕೊಟ್ಟಿತು, 2023ರಲ್ಲಿ ಪೋಪ್ ಫ್ರಾನ್ಸಿಸ್ ಅವಳ ಭರವಸೆಯ ಬಗ್ಗೆಯೇ ಒಂದು ಪ್ರಬೋಧನೆ ಬರೆದರು.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು. ದೀನತೆಯನ್ನು ಬೋಧಿಸುವುದು ಯಾರಿಗೆ? 1960ರಲ್ಲಿ ಅಮೆರಿಕದ ವ್ಯಾಲರಿ ಸೇವಿಂಗ್, ಅಹಂಕಾರವೇ ಮೂಲಪಾಪ ಎಂಬುದು ಗಂಡಸರ ಅನುಭವ, ಹೆಂಗಸರ ಕಷ್ಟ ತಮ್ಮತನವನ್ನೇ ಕಳೆದುಕೊಳ್ಳುವುದು ಎಂದು ವಾದಿಸಿದಳು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ರೂಪ ಪಡೆಯಿತು. ತಲೆಮಾರುಗಳಿಂದ ತಗ್ಗಿಸಲ್ಪಟ್ಟವರಿಗೆ ಇನ್ನಷ್ಟು ತಗ್ಗು ಎನ್ನುವುದು ಸುವಾರ್ತೆಯಲ್ಲ. ದಾಸನಾದ ಕ್ರಿಸ್ತ ಇಳಿದು ಬಂದದ್ದು ಅವರ ಕೇರಿಗೆ, ಅವರಲ್ಲೊಬ್ಬನಾಗಿ, ಎಂಬುದು ಆ ಓದಿನ ತಿರುಳು. ಇಂಗ್ಲೆಂಡಿನ ಸಾರಾ ಕೋಕ್ಲಿ 1990ರ ದಶಕದಲ್ಲಿ ಸ್ತ್ರೀವಾದಿಯಾಗಿದ್ದುಕೊಂಡೇ ಸ್ತ್ರೀವಾದಿಗಳ ಇಂಥ ಟೀಕೆಗೆ ಎದುರುವಾದ ಹೂಡಿದಳು: ಮೌನಪ್ರಾರ್ಥನೆಯಲ್ಲಿ ದೇವರೆದುರು ಬರಿಗೈಯಾಗುವುದು ಮನುಷ್ಯರೆದುರು ಬಗ್ಗುವುದಲ್ಲ, ಅಲ್ಲಿಂದಲೇ ಎದ್ದು ನಿಲ್ಲುವ ಕಸುವು ಬರುತ್ತದೆ. ಒಪ್ಪಿದವರಿದ್ದಾರೆ. ಪ್ರಾರ್ಥನೆಯ ಕೋಣೆಯಿಂದ ಹೊರಬಂದ ಮೇಲೆ ಬೀದಿಯಲ್ಲಿ ಈ ಎರಡನ್ನೂ ಬೇರೆ ಮಾಡುವುದು ಯಾರ ಕೈಯಲ್ಲಿದೆ ಎಂದು ಕೇಳಿದವರೂ ಇದ್ದಾರೆ.