ಮಕ್ಕಳ ಮೂಗಿಗೆ ಉಪ್ಪುನೀರು

ಉಪ್ಪು ಬೆರೆಸಿದ ನೀರನ್ನು ಮೂಗಿನ ಹೊಳ್ಳೆಗೆ ಹನಿಸಿ ಇಲ್ಲವೆ ಹಾಯಿಸಿ, ಗಟ್ಟಿಯಾದ ಸಿಂಬಳವನ್ನು ಸಡಿಲಿಸಿ ಹೊರತೆಗೆಯುವ ಕ್ರಮ. ದೊಡ್ಡವರು ನಳಿಕೆಯ ಗಿಂಡಿಯಿಂದ ಮಾಡಿಕೊಂಡರೆ ಇದು ಜಲನೇತಿ. ಹಸುಗೂಸಿಗೆ ಎರಡು ಮೂರು ಹನಿಯಷ್ಟೇ. ಹುಟ್ಟಿದ ಮೊದಲ ಕೆಲವು ತಿಂಗಳು ಮಗು ಬಹುಮಟ್ಟಿಗೆ ಮೂಗಿನಿಂದಲೇ ಉಸಿರಾಡುತ್ತದೆ, ಮೊಲೆ ಚೀಪುವಾಗಲಂತೂ ಬೇರೆ ದಾರಿಯೇ ಇಲ್ಲ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಯ ತಾಯಂದಿರು ಆಸ್ಪತ್ರೆಗೆ ಬಂದು "ಮೂಗು ಕಟ್ಟೈತ್ರಿ, ಕೂಸು ಮೊಲಿ ಹಿಡೀವಲ್ದು" ಎನ್ನುವುದು ಇದನ್ನೇ.

ಈ ಭಾಗದ ಮನೆಮದ್ದಿನಲ್ಲಿ ಉಪ್ಪುನೀರಿಗೆ ಜಾಗವಿರಲಿಲ್ಲ, ಇದ್ದದ್ದು ಎಣ್ಣೆಗೆ. ಕೂಸಿಗೆ ಎರೆದ ಮೇಲೆ ಮೂಗಿಗೆ, ಕಿವಿಗೆ ಒಂದೊಂದು ಹನಿ ಎಣ್ಣೆ ಬಿಡುವುದು, ಅಗ್ಗಿಷ್ಟಿಗಿಯ ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಕೊಡುವುದು, ಬೆಚ್ಚಗೆ ಮಾಡಿದ ಅಜವಾನದ ಗಂಟನ್ನು ಎದೆಗೆ ಒತ್ತುವುದು ಉತ್ತರ ಕರ್ನಾಟಕದ ಬಾಣಂತಿ ಕೋಣೆಯ ವಾಡಿಕೆ. ಗಂಟಿನಿಂದ ಕೇಡಿಲ್ಲ, ಬಿಸಿ ಹದವಾಗಿದ್ದರೆ. ಹೊಗೆ ಮಾತ್ರ ಕಟ್ಟಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸನಾಳಕ್ಕೆ ಇಳಿದು, ಎಣ್ಣೆಯಿಂದಲೇ ಬರುವ ಒಂದು ಬಗೆಯ ನ್ಯುಮೋನಿಯಾ ಶಿಶುಗಳಲ್ಲಿ ಕಾಣಿಸಿಕೊಂಡದ್ದು ಭಾರತದ ವೈದ್ಯರ ದಾಖಲೆಗಳಲ್ಲಿಯೇ ಇದೆ. ಎರಿ ಭೂಮಿಯ ಧೂಳು, ಜೋಳ-ಕಡಲೆ ರಾಶಿಯ ಹೊಟ್ಟು, ಹತ್ತಿಯ ಎಳೆ ತೇಲುವ ಸುಗ್ಗಿಯ ದಿನಗಳಲ್ಲಿ ಮೂಗಿಗೆ ಬೇರೆ ಶತ್ರು ಬೇಕಿಲ್ಲ. ಮನೆಯೊಳಗಿನ ಹೊಗೆಯನ್ನಾದರೂ ತಪ್ಪಿಸಬಹುದು.

ಅಜ್ಜಿಯರ ಈ ಎಣ್ಣೆಗೆ ಆಯುರ್ವೇದದ ನಸ್ಯವೇ ಮೂಲ ಎನ್ನುವುದುಂಟು. ಪೂರ್ತಿಯಾಗಿ ಒಪ್ಪುವುದು ಕಷ್ಟ. ಮೂಗಿನ ಮೂಲಕ ಔಷಧ ಕೊಡುವ ನಸ್ಯವನ್ನು ಚರಕ, ಸುಶ್ರುತರಿಬ್ಬರೂ ವಿವರಿಸಿದ್ದಾರೆ ನಿಜ. ಆದರೆ ವಾಗ್ಭಟನ ಅಷ್ಟಾಂಗಹೃದಯ ಏಳು ವರ್ಷ ತುಂಬದವರಿಗೆ ಮತ್ತು ಎಂಬತ್ತು ದಾಟಿದವರಿಗೆ ನಸ್ಯ ಸಲ್ಲದೆಂದು ಹೇಳುತ್ತದೆ, ಒಂದೆರಡು ಹನಿಯ ಪ್ರತಿಮರ್ಶ ನಸ್ಯವನ್ನಷ್ಟೇ ಹುಟ್ಟಿನಿಂದ ಸಾವಿನವರೆಗೆ ಒಪ್ಪುತ್ತದೆ. 

ಯೋಗದ ದಾರಿ ಬೇರೆ. ಸುಮಾರು 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ನೇತಿಯೆಂದರೆ ದಾರ: ಮೂಗಿನಿಂದ ತೂರಿಸಿ ಬಾಯಿಂದ ಎಳೆಯುವುದು. ನಂತರದ ಘೇರಂಡ ಸಂಹಿತೆಯಲ್ಲೂ ನೇತಿಗೆ ದಾರವೇ. ಮೂಗಿನಿಂದ ನೀರೆಳೆದು ಬಾಯಿಂದ ಬಿಡುವ ಕ್ರಿಯೆ ಅಲ್ಲಿ ಕಪಾಲಭಾತಿಯ ಒಂದು ಬಗೆಯಾಗಿ ಬರುತ್ತದೆ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು, ನಳಿಕೆಯ ಗಿಂಡಿ, ಓರೆಮಾಡಿದ ತಲೆ ಎಂಬ ಇಂದಿನ ಚಿತ್ರ ಜನರ ನಡುವೆ ಹರಡಿದ್ದು 20ನೆಯ ಶತಮಾನದ ಯೋಗಕೇಂದ್ರಗಳಿಂದ. ಕರ್ನಾಟಕದ ಹಳ್ಳಿಗಳಿಗೆ ಯೋಗವನ್ನು ಒಯ್ದವರಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಮುಖ್ಯರು. ಊರೂರಿಗೆ ಹೋಗಿ ಶಿಬಿರ ನಡೆಸಿದರು. 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜು ಆರಂಭವಾಯಿತು. ಆದರೂ ಗಿಂಡಿ ಮಾತು ಕೇಳುವ ವಯಸ್ಸಿನವರಿಗೆ ಸರಿ. ಬಾಯಿ ತೆರೆದು ಉಸಿರಾಡು, ನುಂಗಬೇಡ ಎಂದರೆ ಎರಡು ವರ್ಷದ ಹುಡುಗ ಎರಡನ್ನೂ ತಿರುವುಮುರುವು ಮಾಡುತ್ತಾನೆ.

ಒಂದು ಹೊಳ್ಳೆಗೆ ಬಿಟ್ಟ ನೀರು ಇನ್ನೊಂದರಿಂದ ಏಕೆ ಬರುತ್ತದೆ ಎಂಬುದನ್ನು ಯುರೋಪಿನಲ್ಲಿ ವಿವರಿಸಿದವನು ಜರ್ಮನಿಯ ಅಂಗಕ್ರಿಯಾ ವಿಜ್ಞಾನಿ ವೇಬರ್: ಬಾಯಿಂದ ಉಸಿರಾಡುವಾಗ ಮೆದು ಅಂಗುಳು ಮೇಲೆದ್ದು ಗಂಟಲ ಕಡೆಯ ಬಾಗಿಲು ಮುಚ್ಚುತ್ತದೆ. 1864ರಲ್ಲಿ ಲಂಡನ್ನಿನ ವೈದ್ಯ ಥುಡಿಕಮ್ ಇದನ್ನೇ ಚಿಕಿತ್ಸೆಯಾಗಿ ಪ್ರಚಾರಕ್ಕೆ ತಂದ. ಉಪ್ಪಿನ ಹದ ಸಿಕ್ಕಿದ್ದು ಅದೇ ಶತಮಾನದ ಕೊನೆಗೆ. ರಕ್ತಕಣ ಒಡೆಯದೆ, ಕುಗ್ಗದೆ ಉಳಿಯುವ ಪ್ರಮಾಣ ಶೇ. 0.9 ಎಂದು ತೋರಿಸಿದವನು ಡಚ್ ವಿಜ್ಞಾನಿ ಹ್ಯಾಂಬರ್ಗರ್. ಈಜು ಕಲಿಯುವ ಹುಡುಗರಿಗೆ ಬಾವಿಯ ನೀರು ಮೂಗಿಗೇರಿ ನೆತ್ತಿ ಸಿಡಿದಂತಾಗುತ್ತದಲ್ಲ, ಸಪ್ಪೆನೀರು ಮೂಗಿನ ಒಳಪೊರೆಗೆ ಒಗ್ಗುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹದವಾದ ಉಪ್ಪುನೀರು ಹಾಗೆ ಕುಟುಕುವುದಿಲ್ಲ. ಕೈಗೆ ಹಚ್ಚುವ 'ಸಲಾಯಿನ್' ಬಾಟಲಿಯಲ್ಲಿ ಇರುವುದೂ ಸಾಮಾನ್ಯವಾಗಿ ಈ ಶೇ. 0.9ರ ನೀರೇ.

ಇಲ್ಲಿ ನೆಲದ ಮಾತು ಬರಬೇಕು. ಈ ಸೀಮೆಯ ಎಷ್ಟೋ ಬಾವಿ, ಕೊಳವೆಬಾವಿಗಳ ನೀರು ಸವಳು. ಮಲಪ್ರಭೆಯ ಕಾಲುವೆ ಬಂದ ಮೇಲೆ ನರಗುಂದದ ಹೊಲಗಳಲ್ಲೂ ಸವಳು ಮೇಲೆದ್ದಿತು. ಹೇಗೂ ಉಪ್ಪುನೀರೇ ಅಲ್ಲವೇ ಎಂದು ಅದನ್ನು ಮೂಗಿಗೆ ಹಾಕುವಂತಿಲ್ಲ. ಅದರಲ್ಲಿ ಅಡುಗೆ ಉಪ್ಪಿನ ಜೊತೆ ಸುಣ್ಣದಂಶವೂ ಉಂಟು, ಗದಗ ಜಿಲ್ಲೆಯ ಹಲವೆಡೆ ಫ್ಲೋರೈಡೂ ಉಂಟು. ಹದವಂತೂ ಯಾರಿಗೂ ಗೊತ್ತಿಲ್ಲ. ಕುದಿಸದ ನೀರಿನ ಅಪಾಯ ಇದಕ್ಕಿಂತ ದೊಡ್ಡದು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿಯ ನೀರಿನಿಂದ ನೇತಿ ಮಾಡಿಕೊಂಡ ಇಬ್ಬರು ಮಿದುಳಿಗೇರುವ ಅಮೀಬಾದಿಂದ ಸತ್ತರು. ಮನೆಯಲ್ಲಿ ಮಾಡುವುದಾದರೆ ಕುದಿಸಿ ಆರಿಸಿದ ಅರ್ಧ ಲೀಟರ್ ಸಿಹಿನೀರಿಗೆ ಸುಮಾರು 4.5 ಗ್ರಾಂ ಉಪ್ಪು, ಅಂದರೆ ಚಹಾ ಚಮಚೆಯಲ್ಲಿ ಮಟ್ಟಸವಾಗಿ ಒಂದಕ್ಕೆ ತುಸು ಕಡಿಮೆ. ಆ ದಿನದ್ದು ಆ ದಿನಕ್ಕೇ.

ಮಕ್ಕಳ ಮೇಲಿನ ಪರೀಕ್ಷೆಗಳಲ್ಲಿ ಎರಡು ತೀರ ಈಚಿನವು. ಮೆಲ್ಬರ್ನ್‌ನಲ್ಲಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ತಡವರಿಸುವ 3ರಿಂದ 12 ವರ್ಷದ 276 ಮಕ್ಕಳಲ್ಲಿ ಅರ್ಧ ಮಂದಿಗೆ ಸ್ಟೀರಾಯ್ಡ್ ಸ್ಪ್ರೇ, ಉಳಿದವರಿಗೆ ಬರೀ ಉಪ್ಪುನೀರಿನ ಸ್ಪ್ರೇ ಆರು ವಾರ ಕೊಟ್ಟರು. 2023ರಲ್ಲಿ ಫಲಿತಾಂಶ ಬಂದಾಗ ತೊಂದರೆ ನೀಗಿದವರು ಮೊದಲ ಗುಂಪಿನಲ್ಲಿ ಶೇ. 44, ಎರಡನೆಯದರಲ್ಲಿ ಶೇ. 41. ಹೋಲಿಕೆಗೆಂದು ಇಟ್ಟ ನೀರೇ ಔಷಧದ ಸರಿಸಮ ನಿಂತಿತ್ತು. ಏನನ್ನೂ ಹಾಕದ ಮೂರನೆಯ ಗುಂಪು ಇರಲಿಲ್ಲವಾದ್ದರಿಂದ ತಾನಾಗಿ ವಾಸಿಯಾದವರೆಷ್ಟು ಎಂಬುದು ಅದರಿಂದ ತಿಳಿಯದು. 2024ರಲ್ಲಿ ಸ್ಕಾಟ್ಲೆಂಡಿನ ತಂಡವೊಂದು ಆರು ವರ್ಷದೊಳಗಿನ 407 ಮಕ್ಕಳ ಅಧ್ಯಯನವನ್ನು ಮಂಡಿಸಿತು: ಉಪ್ಪುನೀರಿನ ಹನಿ ಹಾಕಿದವರಲ್ಲಿ ನೆಗಡಿ ಆರು ದಿನ, ಉಳಿದವರಲ್ಲಿ ಎಂಟು ದಿನ. ಅಲ್ಲಿ ಬಳಸಿದ್ದು ಹೆಚ್ಚು ಉಪ್ಪಿನ ದ್ರಾವಣ.

ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಮಕ್ಕಳ ಹನಿಯಲ್ಲಿ ಸಾಮಾನ್ಯವಾಗಿ ಶೇ. 0.65ರಷ್ಟು ಉಪ್ಪು ಇರುತ್ತದೆ. ಮಗುವನ್ನು ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಹಾಲೂಡಿಸುವ ಮೊದಲು ಹೊಳ್ಳೆಗೊಂದೆರಡು ಹನಿ ಬಿಟ್ಟರೆ ಸೀನೇ ಅರ್ಧ ಕೆಲಸ ಮುಗಿಸುತ್ತದೆ. ಉಳಿದುದನ್ನು ತೆಗೆಯಲು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವ ಸಾಧನ ನೀರಿನಲ್ಲಿ ಅದ್ದಿ ಮೊನೆಯಾಗುವಂತೆ ಹೊಸೆದ ಬಟ್ಟೆಯ ಬತ್ತಿ. ಪಕ್ಕೆ ಒಳಸೇದುತ್ತಿದ್ದರೆ, ತುಟಿ ನೀಲಿಗಟ್ಟಿದರೆ ತೊಂದರೆ ಮೂಗಿನದಲ್ಲ, ಹನಿ ಹಾಕುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ಅಂಗಡಿಯಲ್ಲಿ ಬರೀ "ಮೂಗಿನ ಡ್ರಾಪ್ಸ್ ಕೊಡ್ರಿ" ಎಂದು ಕೇಳುವುದೂ ಸರಿಯಲ್ಲ. ರಕ್ತನಾಳ ಸಂಕುಚಿಸುವ ಔಷಧದ ಹನಿಯೂ ಹೆಚ್ಚುಕಡಿಮೆ ಅಂಥದೇ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಅದು ಹಸುಗೂಸಿಗೆ ಹಾಕುವಂಥದ್ದಲ್ಲ.